ಗುರುವಿಗೆ ಕಲಿಸಿದವರು

‘ಮೂಗ ಕಂಡ ಕನಸು’ ಎಂಬ ಮಾತು ನಮ್ಮ ನುಡಿಯಲ್ಲಿ ಹಳೆಯದು. ಅನುಭವವೇನೋ ಆಗಿದೆ, ಹೇಳಲು ಬಾಯಿಲ್ಲ ಎಂಬುದು ಅದರ ತಾತ್ಪರ್ಯ. ಅನುಭಾವಿಗಳು ತಮ್ಮ ಅನಿರ್ವಚನೀಯವಾದ ಆನಂದಕ್ಕೆ ಇದನ್ನು ಉಪಮಾನವಾಗಿ ಬಳಸಿದರು. ವಿದ್ವಾಂಸರು ಅದನ್ನು ಮೆಚ್ಚಿ ವ್ಯಾಖ್ಯಾನ ಬರೆದರು. ಸಾಹಿತ್ಯದ ಅಧ್ಯಾಪಕನಾಗಿದ್ದ ದಶಕಗಳಲ್ಲಿ ನಾನೂ ಈ ಉಪಮೆಯ ಸ್ವಾರಸ್ಯವನ್ನು ತರಗತಿಯಲ್ಲಿ ಅನೇಕ ಬಾರಿ ವಿವರಿಸಿದ್ದುಂಟು. ಆದರೆ ಉಪಮೇಯವನ್ನು ಒಂದು ಗಳಿಗೆ ಬದಿಗಿಟ್ಟು ಉಪಮಾನದ ಕಡೆಗೇ ನೋಡಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ಮೂಗನು ತನ್ನ ಕನಸನ್ನು ಹೇಳಲಾರನೆಂದು ನಿಶ್ಚಯಿಸಿದವರು ಯಾರು? ಆತ ಕೈಯಾರೆ, ಕಣ್ಣಾರೆ ಅದನ್ನು ಹೇಳುತ್ತಿದ್ದು, ನೋಡುವವರಿಗೆ ಆ ಭಾಷೆ ಬಾರದೆ ಹೋಗಿರಬಹುದಲ್ಲವೆ?

ಈ ಪ್ರಶ್ನೆಯನ್ನು ಮೊದಲು ಕೇಳಿಕೊಂಡವರು ಕವಿಗಳಲ್ಲ, ತತ್ತ್ವಜ್ಞಾನಿಗಳೂ ಅಲ್ಲ. ಕೆಲವು ಮಂದಿ ಶಾಲಾ ಉಪಾಧ್ಯಾಯರು. ಕಿವುಡ ಮಕ್ಕಳಿಗೆ ಪಾಠ ಹೇಳುವ ಗುರುವನ್ನು ಸಿದ್ಧಪಡಿಸುವುದು ಹೇಗೆ ಎಂಬ ಚಿಂತೆಯಲ್ಲಿ ಸುಮಾರು ಎರಡೂವರೆ ಶತಮಾನಗಳು ಕಳೆದಿವೆ. ಇಂದು ವಿಶೇಷ ಶಿಕ್ಷಣವೆಂದು ನಾವು ಕರೆಯುವ ಶಾಸ್ತ್ರದ ಮೊದಲ ಅಧ್ಯಾಯಗಳಲ್ಲಿ ಇದೂ ಒಂದು. ಗುರುವಿನ ವಿದ್ಯೆ ಗುಟ್ಟಿನದೋ ಬಯಲಿನದೋ, ಗುರುವು ಅದನ್ನು ಯಾರಿಂದ ಕಲಿಯಬೇಕು, ಗುರುಪೀಠದಲ್ಲಿ ಕೂರುವ ಅಧಿಕಾರ ಯಾರಿಗಿದೆ ಎಂಬ ಮೂರು ಪ್ರಶ್ನೆಗಳು ಈ ಕಥೆಯುದ್ದಕ್ಕೂ ಹಾಸುಹೊಕ್ಕಾಗಿವೆ.

ಪ್ರಾಚೀನರು ಈ ವಿಷಯದಲ್ಲಿ ಉದಾರಿಗಳಾಗಿರಲಿಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಹುಟ್ಟು ಕುರುಡರನ್ನೂ ಕಿವುಡರನ್ನೂ ಪಿತ್ರಾರ್ಜಿತದ ಪಾಲಿನಿಂದ ಹೊರಗಿಟ್ಟು, ಅವರಿಗೆ ಅನ್ನವಸ್ತ್ರ ಕೊಟ್ಟರೆ ಸಾಕೆಂದು ವಿಧಿಸಿತು. ಆರನೆಯ ಶತಮಾನದಲ್ಲಿ ರೋಮನ್ ಸಾಮ್ರಾಟ ಜಸ್ಟಿನಿಯನ್ ಮಾಡಿಸಿದ ಸಂಹಿತೆಯೂ ಹುಟ್ಟಿನಿಂದ ಕಿವುಡು ಮೂಗಾದವನು ಮರಣಶಾಸನ ಬರೆಯಲಾರನೆಂದು ಹೇಳಿತು. ಮಾತು ಬಾರದವನಿಗೆ ಬುದ್ಧಿಯೂ ಇಲ್ಲವೆಂಬ ತರ್ಕ ಎರಡು ಖಂಡಗಳಲ್ಲೂ ಒಂದೇ ಬಗೆಯಾಗಿ ನಡೆಯಿತು.

ಆಸ್ತಿಯ ಪ್ರಶ್ನೆಯೇ ಈ ತರ್ಕವನ್ನು ಮುರಿಯಲು ಕಾರಣವಾದುದು ಚರಿತ್ರೆಯ ಒಂದು ಚಮತ್ಕಾರ. ಹದಿನಾರನೆಯ ಶತಮಾನದ ಸ್ಪೇನ್ ದೇಶದಲ್ಲಿ ದೊಡ್ಡ ಜಮೀನುದಾರ ಮನೆತನಗಳಲ್ಲಿ ಕಿವುಡ ಮಕ್ಕಳಿದ್ದರು. ಅವರಿಗೆ ಓದುಬರಹ ಬಂದರೆ ಹಕ್ಕುಬಾಧ್ಯತೆ ಉಳಿಯುತ್ತಿತ್ತು. ಓನ್ಯಾ ಎಂಬಲ್ಲಿನ ಮಠದ ಸಂನ್ಯಾಸಿ ಪೆದ್ರೊ ಪಾನ್ಸ್ ದ ಲಿಯೋನ್ ಅಂತಹ ಮಕ್ಕಳಿಗೆ ಓದು, ಬರಹ, ಮಾತುಗಳನ್ನು ಕಲಿಸಿ ಹೆಸರಾದನು. ಆದರೆ ಆತನ ವಿಧಾನ ಅಚ್ಚಿನ ಮುಖ ಕಾಣಲಿಲ್ಲ. ಆತ ತೀರಿಕೊಂಡು ದಶಕಗಳು ಕಳೆದ ಮೇಲೆ, 1620ರಲ್ಲಿ, ಹ್ವಾನ್ ಪಾಬ್ಲೊ ಬೊನೆಟ್ ಎಂಬವನು ಈ ವಿಷಯವಾಗಿ ಪುಸ್ತಕವನ್ನು ಪ್ರಕಟಿಸಿದನು. ಅದರಲ್ಲಿ ಒಂದು ಕೈಯಿಂದ ತೋರಿಸುವ ಬೆರಳಕ್ಷರಗಳ ಚಿತ್ರಗಳಿದ್ದವು. ಗುರುವಿನ ಸಾವಿನೊಡನೆ ಸಾಯಬಹುದಾದ ವಿದ್ಯೆ ಹೀಗೆ ಪುಸ್ತಕದಲ್ಲಿ ಅಷ್ಟಿಷ್ಟು ಉಳಿಯಿತು.

ಗುಟ್ಟಿನ ವಿದ್ಯೆಯ ಹಾದಿ ಅಲ್ಲಿಗೆ ಮುಗಿಯಲಿಲ್ಲ. 1760ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ ಥಾಮಸ್ ಬ್ರೇಡ್‌ವುಡ್ ಎಂಬ ಉಪಾಧ್ಯಾಯನು ಒಬ್ಬ ವರ್ತಕನ ಕಿವುಡ ಮಗನನ್ನು ಶಿಷ್ಯನಾಗಿ ಸ್ವೀಕರಿಸಿದನು. ಅದೇ ಮುಂದೆ ಶುಲ್ಕ ತೆತ್ತು ಓದುವವರ ಶಾಲೆಯಾಗಿ ಬೆಳೆಯಿತು. 1773ರಲ್ಲಿ ಆಂಗ್ಲ ಸಾಹಿತ್ಯದ ದಿಗ್ಗಜ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ ಸ್ಕಾಟ್ಲೆಂಡಿನ ಪ್ರವಾಸ ಕೈಗೊಂಡಾಗ ಈ ಶಾಲೆಯನ್ನು ನೋಡಲು ಹೋದನು. ಅಲ್ಲಿಯ ಒಬ್ಬ ಬಾಲಿಕೆಗೆ ಹಲಗೆಯ ಮೇಲೆ ಗುಣಾಕಾರದ ಲೆಕ್ಕವೊಂದನ್ನು ಬರೆದುಕೊಟ್ಟು, ಆಕೆ ಅದನ್ನು ಸರಿಯಾಗಿ ಬಿಡಿಸಿದುದನ್ನು ಕಂಡು ಸಂತೋಷಪಟ್ಟನು. ಕಿವುಡರಿಗೆ ಗಣಿತ ಕಲಿಸಬಹುದಾದರೆ ಪಾಳುಬಿದ್ದ ದ್ವೀಪಗಳನ್ನು ಹಸನುಮಾಡಲು ಅಂಜಬೇಕಾದುದೇನಿದೆ ಎಂಬ ಭಾವದ ಮಾತಿನಿಂದ ತನ್ನ ಪ್ರವಾಸಕಥನವನ್ನು ಮುಗಿಸುವ ಹೊತ್ತಿಗೆ ಆತನ ಮನಸ್ಸಿನಲ್ಲಿದ್ದುದು ಈ ಶಾಲೆಯೇ. ಸಾಹಿತ್ಯದ ಓದುಗರಿಗೆ ಈ ಸಂದರ್ಭ ಪರಿಚಿತ. ಆದರೆ ಜಾನ್ಸನ್ ಮೆಚ್ಚಿದ ಆ ವಿದ್ಯೆಯನ್ನು ಬ್ರೇಡ್‌ವುಡ್ ಮನೆತನದವರು ಒಡವೆಯ ಪೆಟ್ಟಿಗೆಯಂತೆ ಕಾಪಾಡಿದರು. ಮಗನಿಗೆ, ಮೊಮ್ಮಗನಿಗೆ, ಸೋದರಸಂಬಂಧಿಗೆ ಅದು ಸಂದಿತೇ ಹೊರತು ಹೊರಗಿನವರಿಗೆ ಸುಲಭವಾಗಿ ದಕ್ಕಲಿಲ್ಲ. ನಮ್ಮಲ್ಲಿ ನಾಟಿವೈದ್ಯರು ಬೇರಿನ ಹೆಸರನ್ನು ಬಚ್ಚಿಟ್ಟು, ಕೊನೆಗೆ ತಮ್ಮೊಡನೆಯೇ ಒಯ್ದುಬಿಡುವ ಕಥೆಗಳನ್ನು ಕೇಳಿದವರಿಗೆ ಇದು ಹೊಸದೆನಿಸದು.

ಅದೇ ಕಾಲದಲ್ಲಿ ಪ್ಯಾರಿಸ್ ನಗರದಲ್ಲಿ ಇದಕ್ಕೆ ತೀರ ವಿರುದ್ಧವಾದ ಮಾದರಿಯೊಂದು ರೂಪುಗೊಳ್ಳುತ್ತಿತ್ತು. 1712ರಲ್ಲಿ ಹುಟ್ಟಿದ ಶಾರ್ಲ್ ಮಿಶೆಲ್ ದ ಲೆಪೆ ಒಬ್ಬ ಪಾದ್ರಿ. 1760ರ ಆಸುಪಾಸಿನಲ್ಲಿ ಇಬ್ಬರು ಕಿವುಡ ಸೋದರಿಯರ ಪರಿಚಯ ಆತನಿಗೆ ಆಯಿತು. ಅವರಿಗೆ ಧರ್ಮಬೋಧೆ ಮಾಡಬೇಕೆಂಬುದೇ ಆತನ ಮೊದಲ ಉದ್ದೇಶ. ಅವರ ಕೈಸನ್ನೆಗಳನ್ನು ಗಮನಿಸಿದ ಆತನಿಗೆ ಒಂದು ಸತ್ಯ ಹೊಳೆಯಿತು. ಕಿವಿಯ ಬಾಗಿಲು ಮುಚ್ಚಿದ್ದರೆ ಕಣ್ಣಿನ ಬಾಗಿಲಿನಿಂದ ಜ್ಞಾನವನ್ನು ಒಳಗೆ ತರಬಹುದು. ಆ ಬಾಗಿಲಿನ ಕೀಲಿಕೈ ಮಕ್ಕಳ ಕೈಯಲ್ಲೇ ಇದೆ. ಆತ ತನ್ನ ಮನೆಯಲ್ಲೇ ಶಾಲೆ ತೆರೆದನು. ಬಡವರ ಮಕ್ಕಳಿಂದ ಹಣ ಪಡೆಯಲಿಲ್ಲ. ಸಾರ್ವಜನಿಕರ ಮುಂದೆ ಶಿಷ್ಯರ ಪರೀಕ್ಷೆ ನಡೆಸಿದನು. 1776ರಲ್ಲಿ ತನ್ನ ವಿಧಾನವನ್ನು ಪುಸ್ತಕವಾಗಿ ಅಚ್ಚು ಹಾಕಿಸಿದನು. ಎಲ್ಲಕ್ಕಿಂತ ಮಿಗಿಲಾಗಿ, ಕಲಿಸುವುದನ್ನು ಕಲಿಯಲು ಬಂದವರಿಗೆಲ್ಲ ಬಾಗಿಲು ತೆರೆದಿಟ್ಟನು. 1777ರಲ್ಲಿ ಆಸ್ಟ್ರಿಯದ ಚಕ್ರವರ್ತಿ ಎರಡನೆಯ ಜೋಸೆಫ್ ಈ ಶಾಲೆಯನ್ನು ಕಂಡು ಮೆಚ್ಚಿ, ತನ್ನ ದೇಶದ ಪಾದ್ರಿಯೊಬ್ಬನನ್ನು ತರಬೇತಿಗೆ ಕಳುಹಿಸಿದನು. 1779ರಲ್ಲಿ ವಿಯೆನ್ನಾ ನಗರದ ಶಾಲೆ ಹುಟ್ಟಿತು. ಬೋರ್ಡೊ ನಗರದ ಧರ್ಮಾಧ್ಯಕ್ಷನು ಸಿಕಾರ್ ಎಂಬ ತರುಣ ಪಾದ್ರಿಯನ್ನು ಕಳುಹಿಸಿದನು. ಆತ ಹಿಂದಿರುಗಿ 1786ರಲ್ಲಿ ಅಲ್ಲಿ ಶಾಲೆ ತೆರೆದನು. ಯೂರೋಪಿನಲ್ಲಿ ವಿಶೇಷ ಶಿಕ್ಷಕರ ತರಬೇತಿಯೆಂದು ಹೇಳಬಹುದಾದ ಮೊದಲ ಬಯಲು ಪಾಠಶಾಲೆ ದ ಲೆಪೆಯ ಮನೆಯೆನ್ನಬಹುದು.

ಜರ್ಮನಿಯ ಲೈಪ್ಜಿಗ್ ನಗರದಲ್ಲಿ 1778ರಲ್ಲಿ ಶಾಲೆ ತೆರೆದ ಸ್ಯಾಮ್ಯುಯೆಲ್ ಹೈನಿಕೆ ಈ ಪಂಥವನ್ನು ಒಪ್ಪಲಿಲ್ಲ. ಕಿವುಡ ಮಗುವಿಗೆ ಬಾಯಿಮಾತನ್ನೇ ಕಲಿಸಬೇಕು, ಸನ್ನೆ ಕೂಡದು ಎಂಬುದು ಆತನ ನಿಲುವು. ಇಬ್ಬರ ನಡುವೆ ಪತ್ರಮುಖೇನ ವಾಗ್ವಾದ ನಡೆಯಿತು. ತನ್ನ ವಿಧಾನದ ಮುಖ್ಯಾಂಶವನ್ನು ಬಿಟ್ಟುಕೊಡಲು ಹೈನಿಕೆ ಒಪ್ಪದಿದ್ದುದು ಆ ವಾದದಲ್ಲಿ ಎದ್ದುಕಾಣುವ ಸಂಗತಿ. ಬಾಯಿಮಾತೋ ಕೈಮಾತೋ ಎಂಬ ಜಗಳದ ಬೀಜ ಬಿದ್ದುದು ಇಲ್ಲಿ.

ದ ಲೆಪೆಯ ಔದಾರ್ಯವನ್ನು ಹೊಗಳುವಾಗ ಆತನ ಮಿತಿಯನ್ನೂ ಹೇಳಬೇಕು. ಮಕ್ಕಳ ಸಹಜ ಸನ್ನೆಗಳು ಅಪೂರ್ಣವೆಂದು ಭಾವಿಸಿ, ಅವಕ್ಕೆ ಫ್ರೆಂಚ್ ವ್ಯಾಕರಣದ ಲಿಂಗ, ವಚನ, ಕಾಲ, ಪ್ರತ್ಯಯಗಳನ್ನೆಲ್ಲ ಹೊಲಿದು ಆತ ಒಂದು ಕೃತಕ ಸಂಜ್ಞಾವ್ಯವಸ್ಥೆಯನ್ನು ಕಟ್ಟಿದನು. ಅದರಿಂದ ಶಿಷ್ಯರು ಗುರುವಿನ ಸಂಜ್ಞೆಗಳನ್ನು ನೋಡಿ ನಿರ್ದುಷ್ಟವಾದ ಫ್ರೆಂಚ್ ಬರೆಯುತ್ತಿದ್ದರು, ಸರಿ. ಬರೆದುದರ ಅರ್ಥ ಅವರಿಗೆ ಆಗುತ್ತಿತ್ತೇ ಎಂಬುದು ಬೇರೆ ಮಾತು. ಕನ್ನಡದ ವಾಕ್ಯಕ್ಕೆ ಸಂಸ್ಕೃತದ ವಿಭಕ್ತಿಗಳನ್ನು ಒಂದೊಂದಾಗಿ ಅಂಟಿಸಿ ಅದನ್ನೇ ಸುಧಾರಿಸಿದ ಕನ್ನಡವೆಂದರೆ ಹೇಗಿದ್ದೀತೋ ಹಾಗೆ. ಈ ದೋಷವನ್ನು ಸ್ಪಷ್ಟವಾಗಿ ತೋರಿಸಿದವನು ರೋಶ್ ಆಂಬ್ರ್ವಾಸ್ ಬೆಬಿಯಾಂ. ಪ್ಯಾರಿಸ್ ಶಾಲೆಯಲ್ಲಿ ಕಿವುಡ ವಿದ್ಯಾರ್ಥಿಗಳ ನಡುವೆಯೇ ಬೆಳೆದ ಈತ 1817ರ ತನ್ನ ಪ್ರಬಂಧದಲ್ಲಿ ಅವರ ಸಹಜ ಭಾಷೆಯ ಪರವಾಗಿ ವಾದಿಸಿದನು. 1827ರಲ್ಲಿ ಉಪಾಧ್ಯಾಯರಿಗಾಗಿಯೇ ಕೈಪಿಡಿಯೊಂದನ್ನು ಬರೆದನು. ಶಿಷ್ಯನ ಭಾಷೆಯನ್ನು ಗುರು ಮೊದಲು ಕಲಿಯಲಿ, ಅದರ ಮೂಲಕ ದೇಶಭಾಷೆಯನ್ನು ಕಲಿಸಲಿ ಎಂಬುದು ಆತನ ಮತದ ಸಾರ. ತಾಯ್ನುಡಿಯ ಶಿಕ್ಷಣಕ್ಕಾಗಿ ಹೋರಾಡಿದ ನಮಗೆ ಈ ವಾದದ ಬಲವನ್ನು ವಿವರಿಸಬೇಕಾಗಿಲ್ಲ.

ಇನ್ನು ಈ ಕಥೆಯ ಹೃದಯಕ್ಕೆ ಬರೋಣ. ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಮೇಸನ್ ಕಾಗ್ಸ್‌ವೆಲ್ ಎಂಬ ವೈದ್ಯನಿದ್ದನು. ಆತನ ಮಗಳು ಆಲಿಸ್ ಎಳೆಯ ವಯಸ್ಸಿನಲ್ಲೇ ಜ್ವರದಿಂದ ಶ್ರವಣಶಕ್ತಿಯನ್ನು ಕಳೆದುಕೊಂಡವಳು. ಅಂದು ಅಮೆರಿಕದಲ್ಲಿ ಅವಳಂತಹ ಮಕ್ಕಳಿಗೆ ಸ್ಥಿರವಾದ ಶಾಲೆಯೇ ಇರಲಿಲ್ಲ. ಊರಿನ ಗಣ್ಯರು ಹಣ ಕೂಡಿಸಿ, ನೆರೆಮನೆಯ ತರುಣ ಪಾದ್ರಿ ಥಾಮಸ್ ಹಾಪ್ಕಿನ್ಸ್ ಗ್ಯಾಲಡೆಟ್ ಎಂಬವನನ್ನು ಈ ವಿದ್ಯೆ ಕಲಿತು ಬರಲು 1815ರಲ್ಲಿ ಯೂರೋಪಿಗೆ ಕಳುಹಿಸಿದರು. ಆತ ಮೊದಲು ಹೋದದ್ದು ಇಂಗ್ಲೆಂಡಿಗೆ. ಲಂಡನ್ನಿನ ಶಾಲೆಯವರು, ಮೂರು ವರ್ಷ ನಮ್ಮಲ್ಲಿ ಸಹಾಯಕನಾಗಿ ದುಡಿದರೆ ಕಲಿಸುತ್ತೇವೆಂದರು. ಎಡಿನ್‌ಬರೊ ನಗರದ ಶಾಲೆಯ ಉಪಾಧ್ಯಾಯ ಕಿನ್ನಿಬರೊ ಸಜ್ಜನ. ಕಲಿಸಲು ಆತನಿಗೆ ಮನಸ್ಸಿತ್ತು. ಆದರೆ ಏಳು ವರ್ಷಗಳವರೆಗೆ ಬೇರೆ ಯಾರಿಗೂ ಈ ವಿದ್ಯೆಯನ್ನು ಹೇಳಿಕೊಡುವುದಿಲ್ಲವೆಂದು ಆತ ಬ್ರೇಡ್‌ವುಡ್ ಮನೆತನಕ್ಕೆ ಮುಚ್ಚಳಿಕೆ ಬರೆದುಕೊಟ್ಟಿದ್ದನು. ಸಾಗರ ದಾಟಿ ಬಂದ ವಿದ್ಯಾರ್ಥಿ ಬಾಗಿಲಲ್ಲೇ ನಿಂತನು.

ಆ ವರ್ಷ ದ ಲೆಪೆಯ ಉತ್ತರಾಧಿಕಾರಿಯಾದ ಸಿಕಾರ್ ತನ್ನ ಇಬ್ಬರು ಕಿವುಡ ಸಹೋದ್ಯೋಗಿಗಳೊಡನೆ ಲಂಡನ್ನಿಗೆ ಬಂದಿದ್ದನು. ಅವರೇ ಜ್ಯಾಂ ಮಾಸ್ಯೂ ಮತ್ತು ಲೊರಾಂ ಕ್ಲೆರ್. ಸಿಕಾರನ ಶಿಷ್ಯನಾಗಿ ಬೆಳೆದ ಮಾಸ್ಯೂ ತಾನೇ ಅಧ್ಯಾಪಕನಾದವನು. 1792ರಲ್ಲಿ ಕ್ರಾಂತಿಕಾರರು ಸಿಕಾರನನ್ನು ಸೆರೆಹಿಡಿದಾಗ, ಗುರುವನ್ನು ಬಿಡಿಸಿಕೊಡಿರೆಂದು ಶಿಷ್ಯರ ಬಿನ್ನವತ್ತಳೆಯನ್ನು ಶಾಸನಸಭೆಗೆ ಕೊಂಡೊಯ್ದವನೂ ಈತನೇ. ಕ್ಲೆರ್ ಮಾಸ್ಯೂವಿನ ಶಿಷ್ಯ. ಸಭಿಕರು ಕೇಳಿದ ತತ್ತ್ವಶಾಸ್ತ್ರದ ಪ್ರಶ್ನೆಗಳಿಗೆ ಇವರಿಬ್ಬರೂ ಕರಿಹಲಗೆಯ ಮೇಲೆ ಉತ್ತರ ಬರೆಯುತ್ತಿದ್ದುದನ್ನು ಗ್ಯಾಲಡೆಟ್ ಕಂಡನು. ಸಿಕಾರನು ಯಾವ ಕರಾರನ್ನೂ ಕೇಳದೆ ಆತನನ್ನು ಪ್ಯಾರಿಸ್‌ಗೆ ಕರೆದನು. 1816ರ ವಸಂತದಲ್ಲಿ ಗ್ಯಾಲಡೆಟ್ ಅಲ್ಲಿ ಕೆಲವು ತಿಂಗಳು ಮಾಸ್ಯೂ ಮತ್ತು ಕ್ಲೆರರ ಬಳಿ ಪಾಠ ಹೇಳಿಸಿಕೊಂಡನು. ಕಿವಿ ಕೇಳುವ ಪದವೀಧರನೊಬ್ಬನು ಕಿವುಡರ ಮುಂದೆ ಶಿಷ್ಯನಾಗಿ ಕೂತ ದೃಶ್ಯವದು.

ಕೆಲವು ತಿಂಗಳ ಕಲಿಕೆ ಸಾಲದೆಂದು ಗ್ಯಾಲಡೆಟ್ ಬೇಗನೆ ಅರಿತನು. ಆಗ ಆತ ಮಾಡಿದ ನಿರ್ಧಾರ ಅಮೆರಿಕದ ಕಿವುಡರ ಭವಿಷ್ಯವನ್ನೇ ತಿದ್ದಿತು. ಗುರುವನ್ನೇ ಜೊತೆಗೆ ಕರೆದೊಯ್ಯುವುದು! ಮೂವತ್ತರ ಹರೆಯದ ಕ್ಲೆರ್ ಒಪ್ಪಿದನು. 1816ರ ಜೂನ್ 18ರಂದು ‘ಮೇರಿ ಅಗಸ್ಟಾ’ ಎಂಬ ಹಡಗನ್ನೇರಿದ ಇಬ್ಬರೂ ಆಗಸ್ಟ್ 9ರಂದು ನ್ಯೂಯಾರ್ಕ್ ಮುಟ್ಟಿದರು. ಐವತ್ತು ದಿನಗಳಿಗೂ ಮಿಕ್ಕ ಆ ಸಮುದ್ರಯಾನದಲ್ಲಿ ಕ್ಲೆರ್ ಗ್ಯಾಲಡೆಟ್‌ಗೆ ಸನ್ನೆಭಾಷೆ ಕಲಿಸಿದನು, ಗ್ಯಾಲಡೆಟ್ ಕ್ಲೆರ್‌ಗೆ ಇಂಗ್ಲಿಷ್ ಕಲಿಸಿದನು. ಕ್ಲೆರ್ ಆಗ ಇಂಗ್ಲಿಷಿನಲ್ಲಿ ದಿನಚರಿ ಬರೆಯುವ ಅಭ್ಯಾಸವನ್ನೂ ಮಾಡಿದನು. ಅಧ್ಯಾಪಕರ ತರಬೇತಿಯೆಂದರೇನೆಂದು ಯಾರಾದರೂ ನನ್ನನ್ನು ಕೇಳಿದರೆ ನಾನು ತೋರಿಸುವುದು ಈ ಹಡಗನ್ನೇ. ಅಲ್ಲಿ ಇಬ್ಬರೂ ಗುರುಗಳು, ಇಬ್ಬರೂ ಶಿಷ್ಯರು.

1817ರ ಏಪ್ರಿಲ್ 15ರಂದು ಹಾರ್ಟ್‌ಫರ್ಡಿನ ಶಾಲೆ ತೆರೆಯಿತು. ಮೊದಲ ವಿದ್ಯಾರ್ಥಿಗಳಲ್ಲಿ ಆಲಿಸ್ ಒಬ್ಬಳು. ಮೂರು ವರ್ಷದ ಕರಾರಿನ ಮೇಲೆ ಬಂದ ಕ್ಲೆರ್ 1858ರವರೆಗೆ ಅಲ್ಲಿ ಪಾಠ ಹೇಳಿದನು. ಬೇರೆ ಬೇರೆ ರಾಜ್ಯಗಳ ಶಾಲೆಗಳನ್ನು ನಡೆಸಲು ಹೊರಟವರು ಈತನ ಬಳಿ ಕಲಿತು ಹೋದರು. ಈತನ ಕಿವುಡ ಶಿಷ್ಯರೂ ಅಧ್ಯಾಪಕರಾದರು. 1870ರ ಸುಮಾರಿಗೆ ಅಮೆರಿಕದ ಕಿವುಡರ ಶಾಲೆಗಳ ಅಧ್ಯಾಪಕರಲ್ಲಿ ನೂರಕ್ಕೆ ಸುಮಾರು 40 ಮಂದಿ ಸ್ವತಃ ಕಿವುಡರೇ ಆಗಿದ್ದರು. ಅವರನ್ನು ನೋಡಿದ ಮಗುವಿಗೆ ತಾನೂ ದೊಡ್ಡವನಾಗಿ ಏನಾದರೂ ಆಗಬಹುದೆಂಬ ಸಾಕ್ಷಿ ಕಣ್ಣೆದುರಿಗೇ ಇತ್ತು.

ಈ ಏರಿಕೆ ಮುರಿದುಬಿದ್ದುದು ಇಟಲಿಯ ಮಿಲಾನ್ ನಗರದಲ್ಲಿ. 1880ರ ಸೆಪ್ಟೆಂಬರಿನಲ್ಲಿ ಅಲ್ಲಿ ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಪ್ರತಿನಿಧಿಗಳು ಸುಮಾರು 164 ಮಂದಿ. ಹೆಚ್ಚಿನವರು ಇಟಲಿ, ಫ್ರಾನ್ಸ್ ದೇಶಗಳವರು. ಒಬ್ಬಿಬ್ಬರನ್ನು ಬಿಟ್ಟರೆ ಅಲ್ಲಿ ಕಿವುಡರೇ ಇರಲಿಲ್ಲ. ಬಾಯಿಮಾತಿನ ವಿಧಾನವೇ ಶ್ರೇಷ್ಠ, ಸನ್ನೆಯನ್ನು ತರಗತಿಯಿಂದ ತೊಲಗಿಸಬೇಕು ಎಂಬ ನಿರ್ಣಯ 160ಕ್ಕೆ 4 ಮತಗಳಿಂದ ಅಂಗೀಕಾರವಾಯಿತು. ವಿರೋಧಿಸಿದವರಲ್ಲಿ ಎಡ್ವರ್ಡ್ ಮೈನರ್ ಗ್ಯಾಲಡೆಟ್ ಒಬ್ಬನು. ಈತ ಹಾರ್ಟ್‌ಫರ್ಡಿನ ಗ್ಯಾಲಡೆಟ್‌ನ ಮಗ. ಈತನ ತಾಯಿ ಆ ಶಾಲೆಯಲ್ಲೇ ಓದಿದ ಕಿವುಡ ಮಹಿಳೆ. ಸನ್ನೆಭಾಷೆ ಈತನಿಗೆ ಅಕ್ಷರಶಃ ಮಾತೃಭಾಷೆಯಾಗಿತ್ತು. ಅದರ ಪರವಾಗಿ ಈತನಾಡಿದ ಮಾತನ್ನು ಕೇಳುವ ಕಿವಿಗಳು ಅಲ್ಲಿ ಇರಲಿಲ್ಲ.

ನಿರ್ಣಯದ ಪರಿಣಾಮ ಮಕ್ಕಳ ಮೇಲೆ ಏನಾಯಿತೆಂಬುದು ಬಹುವಾಗಿ ಚರ್ಚೆಗೆ ಬಂದಿದೆ. ಉಪಾಧ್ಯಾಯರ ಮೇಲೆ ಆದ ಪರಿಣಾಮವೂ ಅಷ್ಟೇ ಗುರುತರವಾದುದು. ಬಾಯಿಮಾತನ್ನು ಕಲಿಸಬೇಕಾದರೆ ಕಿವಿ ಕೇಳುವವರೇ ಬೇಕು. ಆದುದರಿಂದ ಕಿವುಡ ಅಧ್ಯಾಪಕರು ಬೇಡವಾದರು. ದೂರವಾಣಿಯ ಜನಕನೆಂದು ನಾವೆಲ್ಲ ಬಲ್ಲ ಅಲೆಗ್ಸಾಂಡರ್ ಗ್ರಹಾಂ ಬೆಲ್ 1872ರಲ್ಲಿಯೇ ಬಾಸ್ಟನ್ ನಗರದಲ್ಲಿ ಇಂತಹ ಅಧ್ಯಾಪಕರಿಗಾಗಿ ತರಗತಿ ನಡೆಸಿದ್ದನು. ಆತನ ತಾಯಿ ಕಿವುಡಿ, ಹೆಂಡತಿಯೂ ಕಿವುಡಿ. ಆತನ ಕಾಳಜಿ ಪ್ರಾಮಾಣಿಕವಾದುದೇ. ಆದರೂ ಕಿವುಡರು ಅಧ್ಯಾಪಕರಾಗುವುದಕ್ಕೆ ಆತ ವಿರೋಧಿ. 1891ರಲ್ಲಿ ವಾಷಿಂಗ್ಟನ್ನಿನ ಕಿವುಡರ ಕಾಲೇಜಿನಲ್ಲಿ ಎಡ್ವರ್ಡ್ ಗ್ಯಾಲಡೆಟ್ ಅಧ್ಯಾಪಕರ ತರಬೇತಿ ವಿಭಾಗವನ್ನು ತೆರೆದಾಗ ಬೆಲ್ ಅದಕ್ಕೆ ಅಡ್ಡಿಯಾದನು. ವಿಭಾಗ ಉಳಿಯಿತು; ಆದರೆ ಪ್ರವೇಶ ಕೇಳುವವರಿಗೆ ಮಾತ್ರ. ಕಿವುಡರಿಗಾಗಿ ಕಟ್ಟಿದ ಕಾಲೇಜಿನಲ್ಲಿ, ಕಿವುಡರಿಗೆ ಕಲಿಸುವ ವಿದ್ಯೆಯನ್ನು ಕಿವುಡರು ಕಲಿಯುವಂತಿರಲಿಲ್ಲ! 1917ರ ಹೊತ್ತಿಗೆ ಅಮೆರಿಕದ ಕಿವುಡ ಅಧ್ಯಾಪಕರ ಪ್ರಮಾಣ ನೂರಕ್ಕೆ 15ರ ಸುಮಾರಿಗೆ ಇಳಿದುಹೋಯಿತು.

ಭಾರತಕ್ಕೆ ಈ ಶಿಕ್ಷಣ ಬಂದುದು ಸರಿಯಾಗಿ ಇದೇ ಕಾಲದಲ್ಲಿ. 1880ರ ದಶಕದಲ್ಲಿ ಮುಂಬಯಿಯಲ್ಲಿ ಕಿವುಡ ಮಕ್ಕಳ ಶಾಲೆ ಆರಂಭವಾಯಿತು. 1893ರಲ್ಲಿ ಕಲ್ಕತ್ತೆಯ ಶಾಲೆ ಹುಟ್ಟಿತು. ಕಲ್ಕತ್ತೆಯ ಶಾಲೆಯ ಸ್ಥಾಪಕರಲ್ಲಿ ಒಬ್ಬರಾದ ಜಾಮಿನೀನಾಥ ಬ್ಯಾನರ್ಜಿ ಅವರು ಆ ದಶಕದ ನಡುವಿನಲ್ಲಿ ಇಂಗ್ಲೆಂಡಿಗೂ ಅಲ್ಲಿಂದ ಅಮೆರಿಕಕ್ಕೂ ಹೋಗಿ, ವಾಷಿಂಗ್ಟನ್ನಿನ ಆ ತರಬೇತಿ ವಿಭಾಗದಲ್ಲಿಯೇ ಕಲಿತು ಬಂದರು. ಸಮುದ್ರಯಾನಕ್ಕೆ ಪ್ರಾಯಶ್ಚಿತ್ತವನ್ನು ಕೇಳುತ್ತಿದ್ದ ಕಾಲದಲ್ಲಿ ವಂಗದೇಶದ ಉಪಾಧ್ಯಾಯರೊಬ್ಬರು ಇಷ್ಟು ದೂರ ಹೋದದ್ದು ಸಾಮಾನ್ಯ ಸಾಹಸವಲ್ಲ. ಆದರೆ ಅವರ ಕಾಲದ ಶಿಕ್ಷಣಶಾಸ್ತ್ರವು ಮಿಲಾನಿನ ನೆರಳಿನಲ್ಲಿತ್ತು. ನಮ್ಮ ದೇಶದ ಶಾಲೆಗಳೂ ಹೆಚ್ಚಾಗಿ ಬಾಯಿಮಾತಿನ ಪಂಥವನ್ನೇ ಹಿಡಿದವು. ತರಗತಿಯಲ್ಲಿ ತುಟಿಯ ಚಲನೆಯನ್ನು ನೋಡಿ ಕಲಿಯುತ್ತಿದ್ದ ಮಕ್ಕಳು, ಗಂಟೆ ಹೊಡೆದ ಮೇಲೆ ಆಟದ ಬಯಲಿನಲ್ಲೂ ವಸತಿಗೃಹದಲ್ಲೂ ಕೈಯಿಂದ ಮಾತನಾಡಿಕೊಳ್ಳುತ್ತಿದ್ದರು. ಗುರುಗಳು ಕಲಿಸದೆ ಇದ್ದ ಭಾಷೆಯನ್ನು ಹಿರಿಯ ಮಕ್ಕಳು ಕಿರಿಯರಿಗೆ ದಾಟಿಸಿದರು.

ಅದು ಭಾಷೆಯೆಂದು ವಿದ್ವಲ್ಲೋಕಕ್ಕೆ ತಿಳಿಸಿದವನು ಒಬ್ಬ ಸಾಹಿತ್ಯದ ಮೇಷ್ಟರು ಎಂಬುದು ನಮ್ಮಂಥವರು ಅಭಿಮಾನಪಡಬಹುದಾದ ವಿಚಾರ. ವಾಷಿಂಗ್ಟನ್ನಿನ ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುತ್ತಿದ್ದ ವಿಲಿಯಂ ಸ್ಟೋಕೊ 1960ರಲ್ಲಿ ತನ್ನ ಅಧ್ಯಯನವನ್ನು ಪ್ರಕಟಿಸಿದನು. ಹಸ್ತದ ಆಕಾರ, ಅದರ ಸ್ಥಾನ, ಅದರ ಚಲನೆ, ಇವು ಬಾಯಿಮಾತಿನ ಧ್ವನಿಗಳಂತೆಯೇ ಕೂಡಿಕೊಂಡು ಪದಗಳಾಗುತ್ತವೆ ಎಂದು ತೋರಿಸಿದನು. ಮುಂದೆ ಹಿಮಾಚಲದ ಹಳ್ಳಿಯಿಂದ ಹೊರಟು ಅದೇ ಕಾಲೇಜಿನಲ್ಲಿ ಓದಿದ, ಸ್ವತಃ ಕಿವುಡರಾದ ಮದನ್ ವಸಿಷ್ಠ ಅವರು ಅಮೆರಿಕದ ಭಾಷಾವಿಜ್ಞಾನಿಗಳೊಡನೆ ಸೇರಿ 1970ರ ದಶಕದ ಕೊನೆಯಿಂದ ದೆಹಲಿ, ಕಲ್ಕತ್ತೆ, ಮುಂಬಯಿ, ಬೆಂಗಳೂರುಗಳ ಕಿವುಡರ ಸನ್ನೆಗಳನ್ನು ಸಂಗ್ರಹಿಸಿದರು. ನಾಲ್ಕು ನಗರಗಳ ಪದಗಳಲ್ಲಿ ಭೇದಗಳಿದ್ದರೂ ಬಹುಪಾಲು ಸಮಾನವೆಂದು ಅವರು ಕಂಡುಕೊಂಡರು. ಕನ್ನಡ, ಬಂಗಾಳಿ, ಮರಾಠಿ, ಹಿಂದಿಗಳು ಬೇರೆ ಬೇರೆಯಾಗಿಟ್ಟ ಈ ನಗರಗಳನ್ನು ಕಿವುಡರ ಭಾಷೆ ಒಂದಾಗಿ ಹಿಡಿದಿತ್ತು. ಬೆಂಗಳೂರಿನ ಸನ್ನೆಪ್ರಭೇದಕ್ಕೂ ಅಂದು ಒಂದು ಗ್ರಂಥಸ್ಥಾನ ಸಿಕ್ಕಿತು.

ತರಬೇತಿಯ ವ್ಯವಸ್ಥೆ ನಮ್ಮಲ್ಲಿ ಹಂತಹಂತವಾಗಿ ಬೆಳೆಯಿತು. 1960ರ ದಶಕದ ನಡುವಿನಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾಗಿ, ಮಾತು ಶ್ರವಣಗಳ ತಜ್ಞರನ್ನೂ ಮುಂದೆ ವಿಶೇಷ ಶಿಕ್ಷಕರನ್ನೂ ಸಿದ್ಧಪಡಿಸುವ ದೊಡ್ಡ ಕೇಂದ್ರವಾಯಿತು. 1992ರ ಕಾಯಿದೆಯಿಂದ ಭಾರತೀಯ ಪುನರ್ವಸತಿ ಪರಿಷತ್ತಿಗೆ ಶಾಸನಬದ್ಧ ಅಧಿಕಾರ ದೊರೆತು, ವಿಶೇಷ ಶಿಕ್ಷಕರ ಪಠ್ಯಕ್ರಮ, ಅರ್ಹತೆ, ನೋಂದಣಿಗಳು ಒಂದು ನಿಯಮಕ್ಕೆ ಬಂದವು. ಬ್ರೇಡ್‌ವುಡ್ ಮನೆತನದ ಪೆಟ್ಟಿಗೆ ಹೀಗೆ ಸಾರ್ವಜನಿಕ ಪಠ್ಯಕ್ರಮವಾಗಿ ತೆರೆದುಕೊಂಡಿತು. ಬಾಯಿಮಾತಿನ ತರಬೇತಿ ವ್ಯರ್ಥವೆಂದು ನನ್ನ ಅಭಿಪ್ರಾಯವಲ್ಲ. ಅಲ್ಪಸ್ವಲ್ಪ ಶ್ರವಣಶಕ್ತಿ ಉಳಿದ ಮಕ್ಕಳಿಗೂ, ಮಾತು ಬಂದ ಮೇಲೆ ಕಿವುಡಾದವರಿಗೂ ಅದು ನೆರವಾಗಿದೆ. ಶ್ರವಣಯಂತ್ರಗಳು ಸುಧಾರಿಸಿದಂತೆ ಇನ್ನಷ್ಟು ನೆರವಾಗುತ್ತಿದೆ. ಒಂದನ್ನು ಕೊಡುವುದಕ್ಕಾಗಿ ಇನ್ನೊಂದನ್ನು ಕಿತ್ತುಕೊಂಡುದೇ ಅನ್ಯಾಯವಾದುದು.

ಆ ಅನ್ಯಾಯದ ಅರಿವು ತಡವಾಗಿಯಾದರೂ ಬಂದಿತು. 2010ರಲ್ಲಿ ಕೆನಡಾ ದೇಶದ ವ್ಯಾಂಕೂವರಿನಲ್ಲಿ ಸೇರಿದ ಅದೇ ಪರಂಪರೆಯ ಅಂತರರಾಷ್ಟ್ರೀಯ ಸಮ್ಮೇಳನವು ಮಿಲಾನಿನ ನಿರ್ಣಯಗಳನ್ನು ತಿರಸ್ಕರಿಸಿ, ಅವುಗಳಿಂದಾದ ಹಾನಿಗೆ ವಿಷಾದ ಸೂಚಿಸಿತು. ನೂರಮೂವತ್ತು ವರ್ಷಗಳು ಬೇಕಾದವು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆಭಾಷೆಯ ಸಂಶೋಧನೆ ಮತ್ತು ತರಬೇತಿಯ ಕೇಂದ್ರ ಮಂಜೂರಾಯಿತು. 2018ರಲ್ಲಿ ಅದು ಮೂರು ಸಾವಿರ ಪದಗಳ ನಿಘಂಟನ್ನು ಹೊರತಂದಿತು. ಸನ್ನೆಭಾಷೆಯನ್ನು ಕಲಿಸುವ ಅಧ್ಯಾಪಕರಾಗಲು ಕಿವುಡರಿಗೇ ಅಲ್ಲಿ ತರಬೇತಿಯಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ 17ನೆಯ ಕಲಮು ಸನ್ನೆಭಾಷೆ ಮತ್ತು ಬ್ರೈಲ್ ಬಲ್ಲ ಅಧ್ಯಾಪಕರನ್ನು ತರಬೇತುಗೊಳಿಸಿ ನೇಮಿಸಬೇಕೆಂದು ವಿಧಿಸುತ್ತದೆ. ಅಂಗವೈಕಲ್ಯವುಳ್ಳ ಅಧ್ಯಾಪಕರೂ ಅದರಲ್ಲಿ ಸೇರಿರಬೇಕೆಂದು ಅದು ಬಾಯಿಬಿಟ್ಟು ಹೇಳುತ್ತದೆ. ಕ್ಲೆರ್ ಕೂತಿದ್ದ ಪೀಠವನ್ನು ಶಾಸನವು ಆತನ ಬಂಧುಗಳಿಗೆ ಮರಳಿಸಿದೆ.

ಶಾಸನದ ಮಾತು ಶಾಲೆಯ ಬಾಗಿಲನ್ನು ಮುಟ್ಟುವುದಕ್ಕೆ ಕಾಲ ಹಿಡಿಯುತ್ತದೆ. ಆ ದಾರಿಯನ್ನು ಕಡಿಮೆ ಮಾಡುವವರು ಇಂದು ವಿಶೇಷ ಶಿಕ್ಷಣದ ತರಬೇತಿಗೆ ಸೇರುತ್ತಿರುವ ನಮ್ಮ ತರುಣ ತರುಣಿಯರು. ಅವರು ಮನೋವಿಜ್ಞಾನವನ್ನು ಓದಲಿ, ಬೋಧನಶಾಸ್ತ್ರವನ್ನು ಓದಲಿ, ಪರೀಕ್ಷೆಯಲ್ಲಿ ಉತ್ತಮ ಶ್ರೇಣಿಯನ್ನು ಪಡೆಯಲಿ. ಅದರ ಜೊತೆಗೆ ದಿನಕ್ಕೊಂದು ಗಂಟೆಯಾದರೂ ಕಿವುಡ ಹಿರಿಯರೊಬ್ಬರ ಎದುರಿಗೆ ಕುಳಿತು, ತಮ್ಮ ಬಾಯನ್ನು ಮುಚ್ಚಿ, ಅವರ ಕೈಗಳು ಹೇಳುವುದನ್ನು ಕಲಿಯಲಿ. ಕನಸನ್ನು ಕಂಡವನು ಎಂದಿನಿಂದಲೋ ಹೇಳುತ್ತಲೇ ಇದ್ದಾನೆ. ಅದನ್ನು ತಿಳಿಯಬಲ್ಲ ಗುರು ಆತನಿಗೆ ಬೇಕಾಗಿದ್ದಾನೆ.